ಅಜಾನಿನ ಮೇಲೆ ಹದಿನಾಲ್ಕು ನಿಮಿಷ

ಅದು ಶುರುವಾದದ್ದು ತೊಗರಿಯ ಹೂವುದುರಿ ಕಾಯಿ ಕಟ್ಟುವ ದಿನಗಳಲ್ಲಿ, ದೀಪಾವಳಿ ಕಳೆದು ಮೂರು ವಾರದ ಮೇಲೆ, ಸಂಜೆ ಆರಕ್ಕೆ ಹತ್ತು ನಿಮಿಷ ಇದ್ದಾಗ. ಅಮೀರ ಪಾಶಾ ಠಾಣಾ ಕುಶನೂರಿನ ಶಾಲೆಯಿಂದ, ಅಲ್ಲಿ ಟೀಚರಾಗಿದ್ದ ಮಗಳು ನಿಖತಳನ್ನು ಆವತ್ತು ತಡವಾಗಿ ಕಾರಿನಲ್ಲಿ ಕೂರಿಸಿಕೊಂಡು ಬೀದರಿನ ಮೈಲೂರಿಗೆ, ಮನೆಗೆ, ಬರುತ್ತಿದ್ದ. ಹೊಲಗಳ ಮೇಲೆ ಆಗ ಬೆಳಕು ಇತ್ತೋ ಇಲ್ಲವೋ ಎಂಬುದೇ ಮುಂದೆ ಇಡೀ ತಕರಾರಾಯಿತು. ಜೋಳದ ಕಣಕಿಯ ಹೊರೆ ಕಟ್ಟಿದ ಒಂದು ಸೈಕಲ್ಲು ಎಲ್ಲಿಂದಲೋ ಎದುರಿಗೆ ಎದ್ದಂತಾಯಿತು, ನಿಖತ "ಅಬ್ಬಾ" ಎಂದಳು, ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರಿನ ಕನ್ನಡಿ ಹೊರೆಗೆ ತಾಗಿ ಕಣಕಿ ರಸ್ತೆಯ ಮೇಲೆ ಹರಡಿತು. ಸೈಕಲ್ಲಿನವನಿಗೆ ಏನೂ ಆಗಲಿಲ್ಲ. ಅವನು ಇಳಿದು, ಬಗ್ಗಿ ಕಿಟಕಿಯೊಳಗೆ ನೋಡಿ, ಬೈಯಲೆಂದು ತೆರೆದ ಬಾಯಿಯನ್ನು ಹಾಗೇ ನಗುವಿಗೆ ತಿರುಗಿಸಿಕೊಂಡ. "ಅರೆ, ಪಾಶಾ ಡ್ರೈವರ್ ಸಾಬ್ರು. ಲೈಟ್ ಹಾಕ್ಕೊಂಡು ಬರಬಾರ್ದೇನ್ರಿ?" ಆಗ ಅಮೀರ ಪಾಶಾನ ಬಾಯಿಂದ ಆ ಮಾತು ಬಂದುಬಿಟ್ಟಿತು. ಯೋಚಿಸಿ ಆಡಿದ್ದಲ್ಲ. ಬಿದ್ದ ಕಣಕಿಯ ಹಾಗೆ ಬಿತ್ತು. "ಇದಕ್ಕ ಲೈಟ್ ತಾನೇ ಹತ್ತತದಪಾ. ಆಟೋಮ್ಯಾಟಿಕ್. ಸೆನ್ಸರ್ ಸ್ಲೋ ಆಗ್ಯದ." ಸೈಕಲ್ಲಿನವನು ಕಣಕಿ ಆಯುತ್ತ ಅಂದ: "ಹಂಗೇನ್ರಿ. ನಿಮ್ಮ ಬಸ್ಸಿಗಿ ಸೆನ್ಸರ್ ಇರ್ಲಿಲ್ಲ ನೋಡ್ರಿ. ನೀವಿದ್ರಿ."

ಆ ಮಾತು ಅವನ ಜೊತೆ ಕಾರಿನಲ್ಲಿ ಕೂತು ಬೀದರಿನ ತನಕ ಬಂತು. ಹೊಗಳಿದನೋ, ಕುಟುಕಿದನೋ. ಮೂವತ್ತೊಂದು ವರ್ಷ ಅವನು ಬೀದರ–ಔರಾದ ಬಸ್ಸು ಓಡಿಸಿದ್ದ. ಒಂದು ಕೋಳಿಯ ಕಾಲನ್ನೂ ತುಳಿದವನಲ್ಲ. ನಿವೃತ್ತನಾಗಿ ಮನೆಯಲ್ಲಿ ಕೂತ ಎರಡು ವರ್ಷ ಅವನ ಬಲಗೈ ಊಟದ ಹೊತ್ತಿನಲ್ಲೂ ಏನನ್ನೋ ಹುಡುಕುತ್ತಿತ್ತು. ನಿಖತ ಕಾರು ತಂದಾಗ ಅದು ಸಿಕ್ಕಿತು. ಅವಳ ಲೈಸೆನ್ಸು ಅವಳ ಪರ್ಸಿನಲ್ಲಿತ್ತು, ಸ್ಟಿಯರಿಂಗು ಇವನ ಕೈಯಲ್ಲಿತ್ತು, ಕುಶನೂರಿನ ಚಹಾದಂಗಡಿಯಲ್ಲಿ ಮತ್ತೆ ಡ್ರೈವರ್ ಸಾಬ್ ಎನ್ನುವವರಿದ್ದರು. ಹೀಗಾಗಿ ತಪ್ಪು ಸೆನ್ಸರಿನದೇ ಆಗಬೇಕಿತ್ತು. ಬೇರೆ ಯಾರದಾದರೂ ಆದರೆ ಕಾರಿನ ಚಾವಿಯನ್ನು ಗೋಡೆಯ ಮೊಳೆಗೆ ತೂಗುಹಾಕಬೇಕಾಗುತ್ತಿತ್ತು. ಅದನ್ನು ಅವನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಖತ ಮಕ್ಕಳ ಉತ್ತರಪತ್ರಿಕೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಎದುರಿನ ರಸ್ತೆ ನೋಡುತ್ತಿದ್ದಳು. ಅವಳು ಯಾವತ್ತೂ ಕಾರಿನಲ್ಲಿ ರಸ್ತೆ ನೋಡುವವಳಲ್ಲ.

ಮನೆಯಲ್ಲಿ ಹೆಂಡತಿ ಖತೀಜಾ ಬೇಗಂ ರೊಟ್ಟಿ ತಟ್ಟುತ್ತಲೇ ಎಲ್ಲ ಕೇಳಿದಳು. ಅವಳ ತವರು ಭಾಲ್ಕಿ. ಬೈಯಬೇಕಾದರೆ ದಖನಿ, ಕಾಡಿಸಬೇಕಾದರೆ ಕನ್ನಡ, ಇದು ಅವಳ ರೀತಿ. ಆವತ್ತು ಕನ್ನಡಕ್ಕೆ ತಿರುಗಿದಳು. "ಕಾರಿಗಿ ಕಣ್ಣಿನ ಪೊರಿ ಬಂದದೇನ್ರಿ? ಹೊಸಾದಲ್ರಿ ಪಾಪ, ಎರಡು ವರ್ಷದ ಕೂಸು." ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಎದ್ದು ಹೋಗಿ ಟಾರ್ಚು ಹಿಡಿದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಬುಡದಲ್ಲಿ ಅದನ್ನು ಹುಡುಕಿದ. ಅಂಗಿಯ ಗುಂಡಿಯಷ್ಟು, ಕಪ್ಪು. ಇಷ್ಟೇ ಕಣ್ಣು, ಇದರ ಮೇಲೆ ಇಡೀ ಗಾಡಿ ನಂಬಿಕೆ ಇಟ್ಟು ಓಡುತ್ತದಲ್ಲ ಎಂದು ಅವನಿಗೆ ಅದರ ಮೇಲೆ ಕನಿಕರವೂ ಸಿಟ್ಟೂ ಒಟ್ಟಿಗೆ ಬಂದವು. ಬನಿಯನ್ನಿನ ಬಟ್ಟೆ ಒದ್ದೆ ಮಾಡಿ ಒರೆಸಿದ. ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿದ. ಅಲ್ಲಿ ಹಾಸಿದ್ದ ಮಖಮಲ್ಲಿನ ಬಟ್ಟೆ ಅಡ್ಡ ಬರುತ್ತಿರಬಹುದೆಂದು ತೆಗೆದ. ಬಟ್ಟೆ ಅಡ್ಡ ಬಂದರೆ ಸೆನ್ಸರಿಗೆ ಬೇಗ ಕತ್ತಲಾಗಬೇಕಲ್ಲದೆ ತಡವಾಗಿ ಆಗುವುದಿಲ್ಲ ಎಂದು ನಿಖತ ಮೆಲ್ಲಗೆ ಅಂದಾಗ, ಅದು ತನಗೂ ಗೊತ್ತಿದೆ ಎಂಬಂತೆ ಬಟ್ಟೆಯನ್ನು ಮತ್ತೆ ಹಾಸಿದ.

ಗಡಿಯಾರ ಹಿಡಿದು ಪರೀಕ್ಷೆ ಮಾಡುವ ಉಪಾಯ ಹೊಳೆದದ್ದು ಮರುದಿನ. ಔರಾದ ರೂಟಿನಲ್ಲಿ ಅವನಿಗೆ ಗಾಡಿ ಕಲಿಸಿದವನು ಖಾಲಿದ ಎಂಬ ಹಳೆಯ ಡ್ರೈವರು. ಲೈಟು ಯಾವಾಗ ಹಾಕಬೇಕು ಎಂದು ಕೇಳಿದಾಗ ಆತ ಹೇಳಿದ್ದು ಇಷ್ಟೇ: ಹೊತ್ತು ಮುಳುಗಿದಾಗಿನ ಮಗ್ರಿಬಿನ ಅಜಾನ್ ಕೇಳಿಸಿತೋ, ಲೈಟು. ಮುಂಚೆ ಹಾಕಿದರೆ ಬ್ಯಾಟರಿಗೆ ಅನ್ಯಾಯ, ಆಮೇಲೆ ಹಾಕಿದರೆ ರಸ್ತೆಗೆ ಅನ್ಯಾಯ. ಮೂವತ್ತೊಂದು ವರ್ಷ ಅವನ ಕೈ ಆ ಕೂಗಿಗೆ ಸ್ವಿಚ್ಚಿನ ಕಡೆ ಹೋಗಿತ್ತು. ಬಸ್ಸಿನೊಳಗಿನ ದೀಪವೂ ಆಗಲೇ ಹತ್ತುತ್ತಿತ್ತು. ಹತ್ತಿದ ಕೂಡಲೇ ಮುಸ್ಲಿಂ ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಿದ್ದರು. ಲಿಂಗಾಯತರ ಹೆಂಗಸರು ಸಂಜೆಯ ದೀಪ ಕಂಡರೆ ಕೈಮುಗಿಯುವವರು, ಬಸ್ಸಿನ ದೀಪಕ್ಕೂ ಮುಗಿಯುತ್ತಿದ್ದರು. ಎದುರಿನ ಕನ್ನಡಿಯಲ್ಲಿ ಅಷ್ಟೂ ಜೋಡಿಸಿದ ಕೈಗಳು ಕಾಣುತ್ತಿದ್ದವು. ಅದರಲ್ಲಿ ಸ್ವಲ್ಪ ತನಗೂ ಸಲ್ಲುತ್ತದೆ ಎಂದು ಅವನು ಒಳಗೊಳಗೇ ಎಣಿಸಿಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ. ಈಗ ಅದೇ ಅಜಾನನ್ನು ಅಳತೆಗೋಲು ಮಾಡಿಕೊಂಡು, ಮಗಳನ್ನು ಬೇಗ ಕರೆತಂದು ಇಳಿಸಿ, ಮನೆಯ ಮುಂದೆ ಕಾರು ಚಾಲೂ ಮಾಡಿ, ಕೈಗಡಿಯಾರ ಬಿಚ್ಚಿ ಸ್ಟಿಯರಿಂಗಿನ ಮೇಲಿಟ್ಟು ಕೂತ. ಅಜಾನ್ ಆಯಿತು. ಲೈಟು ಹತ್ತಲಿಲ್ಲ. ಎದುರಿನ ಗೋಡೆ ಕರಗಿ ಬೂದಿಯಂತಾಯಿತು, ಬೇವಿನ ಗಿಡ ಗೋಡೆಯೊಳಗೆ ಸೇರಿಹೋಯಿತು, ಆದರೂ ಹತ್ತಲಿಲ್ಲ. ಹದಿನಾಲ್ಕು ನಿಮಿಷಕ್ಕೆ ಹತ್ತಿತು. ಅವನಿಗೆ ಕಳ್ಳ ಸಿಕ್ಕಷ್ಟು ಸಮಾಧಾನವಾಯಿತು.

ನಾಲ್ಕು ಸಂಜೆ ಹಾಗೆ ಕೂತ. ಐದನೆಯ ಸಂಜೆ ನಮಾಜು ಮುಗಿಸಿ ಬಂದ ಪಕ್ಕದ ಮನೆಯ ಸಲಾವೋದ್ದೀನ ಕಾರಿನ ಬಾಗಿಲಿಗೆ ಆತುಕೊಂಡು ನಿಂತ. "ಪಾಶಾಭಾಯಿ, ನಾಕು ದಿನ ಆಯ್ತು ಮಸೂತಿ ಸಫಿನ್ಯಾಗ ಕಾಣವಲ್ರಿ. ಕಾರಿಗಿ ನಮಾಜ್ ಕಲಸ್ಲಿಕತ್ತೀರೇನು?" ಅಮೀರ ಪಾಶಾ ಲೆಕ್ಕ ಹೇಳಿದ: ದಿನಾ ಹದಿನಾಲ್ಕು ನಿಮಿಷ ತಡ. ಸಲಾವೋದ್ದೀನ ಗಂಭೀರವಾಗಿ ತಲೆಯಾಡಿಸಿದ. "ಹದಿನಾಲ್ಕು ಅಂದ್ರ ನಿಮಗಿಂತ ಛಲೋ ಅದ. ನೀವು ಇನ್ನೂ ಹೊಂಟೇ ಇಲ್ಲ." ಅವನು ನಗುತ್ತ ಹೋದ ಮೇಲೆ ಅಮೀರ ಪಾಶಾ ಅವಸರದಲ್ಲಿ ಕೈಕಾಲು ತೊಳೆದು ಮನೆಯಲ್ಲೇ ಚಾಪೆ ಹಾಸಿದ. ಸಜ್ದಾದಲ್ಲಿ ಹಣೆ ನೆಲಕ್ಕೆ ಇಟ್ಟಾಗ ನೆನಪಾದದ್ದು ಹೋದ ರಮಜಾನಿನ ಕೊನೆಯ ಸಂಜೆ. ಮಾಳಿಗೆಯ ಮೇಲೆ ಓಣಿಯವರೆಲ್ಲ ಪಶ್ಚಿಮಕ್ಕೆ ಮುಖ ಮಾಡಿ ಚಂದ್ರನನ್ನು ಹುಡುಕುತ್ತಿದ್ದರು. ಒಬ್ಬ ಕಂಡಿತು ಎಂದ, ಇನ್ನೊಬ್ಬ ಕಂಡಿತು ಎಂದ. ಅವನಿಗೆ ಕಂಡದ್ದು ಹಾಲಿನ ಮೇಲಿನ ಕೆನೆಯಂಥ ಆಕಾಶ, ಅಷ್ಟೇ. ಎಲ್ಲರ ಕಣ್ಣು ತನ್ನ ಕಡೆ ತಿರುಗಿದಾಗ ಅವನೂ ಕಂಡಿತು ಎಂದಿದ್ದ. ಹಬ್ಬ ತಪ್ಪಲಿಲ್ಲ, ಕಂಡವರು ಬೇರೆ ಬಹಳ ಮಂದಿ ಇದ್ದರು. ಆದರೂ ಸುಳ್ಳಿನ ಮೇಲೆ ಶೀರ್‌ಖುರ್ಮಾ ತಿಂದದ್ದು ಅವನೊಬ್ಬನೇ. ಹಣೆ ಎತ್ತಲು ತಡವಾಯಿತು. ಹಿಂದಿನಿಂದ ಖತೀಜಾ ಬೇಗಂ, "ಯಾಕ್ರಿ, ನಿಮ್ಮ ಸೆನ್ಸರೂ ಸ್ಲೋ ಆಯ್ತೇನು?" ಎಂದಳು.

ಶನಿವಾರ ಅರ್ಧ ದಿನದ ಶಾಲೆ. ಮಗಳನ್ನು ಕುಶನೂರಿನಿಂದ ಕರೆದುಕೊಂಡು, ಹೆಂಡತಿಯನ್ನು ಮೊದಲೇ ಹಿಂದೆ ಕೂರಿಸಿಕೊಂಡು, ಅವನು ನೆಟ್ಟಗೆ ಭಾಲ್ಕಿಗೆ ಹೋದ. ಖತೀಜಾ ಬೇಗಂಳ ಅಕ್ಕ ಅಜೀಜಾ ಬೇಗಂ ಅಲ್ಲಿದ್ದಳು, ಅದು ಹೇಳಿಕೊಳ್ಳುವ ಕಾರಣ. ಖರೆ ಕಾರಣ ಮನ್ಮಥಪ್ಪ. ಹಣೆಯ ತುಂಬ ವಿಭೂತಿ, ಕೈತುಂಬ ಗ್ರೀಸು. ಗಾಡಿಗಳ ವೈರಿಂಗ್ ಕೆಲಸದಲ್ಲಿ ಅವನ ಸಮ ಆ ಕಡೆ ಇಲ್ಲ. ಅವನಲ್ಲಿ ಒಂದು ಪದ್ಧತಿಯಿತ್ತು. ಗಾಡಿಯಿಂದ ತೆಗೆದ ಕೆಟ್ಟ ಸಾಮಾನನ್ನು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಗಾಡಿಯವನ ಕೈಗೇ ಕೊಡುತ್ತಿದ್ದ: ಮನೆಗೆ ಹೋಗಿ ಬಿಚ್ಚಿ ನೋಡು, ಏನು ಕೆಟ್ಟಿತ್ತು ಅನ್ನುವುದು ನಿನಗೂ ಗೊತ್ತಿರಲಿ. ಕೆಟ್ಟದ್ದು ಯಾವುದೆಂದು ಗಿರಾಕಿಯ ಮುಖದ ಮೇಲೆ ಹೇಳುವುದು ಅವನಿಗೆ ಸೇರುತ್ತಿರಲಿಲ್ಲ. ಮಂದಿಯ ಮುಂದೆ ಯಾಕೆ ಹೇಳಬೇಕು, ಗಾಡಿಗೂ ಮಾನ ಇರುತ್ತದೆ ಎನ್ನುತ್ತಿದ್ದ.

"ಪಾಶಾಭಾಯಿ, ಭಾಳ ದಿನಕ್ಕ ಬಂದ್ರಿ. ಏನಾಗ್ಯದ?" ಅಮೀರ ಪಾಶಾ ಎಲ್ಲ ಹೇಳಿದ, ಸೈಕಲ್ಲಿನದೊಂದು ಬಿಟ್ಟು. ಮನ್ಮಥಪ್ಪ ಸೀಟಿನಲ್ಲಿ ಕೂತು ಅಂಗೈಯನ್ನು ಆ ಕಪ್ಪು ಗುಂಡಿಯ ಮೇಲಿಟ್ಟ. ಮೂರು ಉಸಿರು ಎಳೆಯುವಷ್ಟರಲ್ಲಿ ಲೈಟು ಹತ್ತಿತು. ಕೈ ತೆಗೆದ, ಸ್ವಲ್ಪ ಹೊತ್ತು ಉರಿದು ಆರಿತು. ಮತ್ತೆ ಇಟ್ಟ, ಮತ್ತೆ ಹತ್ತಿತು. ಅಮೀರ ಪಾಶಾ ಕಿಟಕಿಯೊಳಗೆ ಬಗ್ಗಿದ. "ಈಗ ಹತ್ತತದ್ರಿ. ಸಂಜಿಗಿ ಹತ್ತಂಗಿಲ್ಲ. ಅಜಾನ್ ಆದ ಮ್ಯಾಲ ಹದಿನಾಕು ನಿಮಿಷ." ಮನ್ಮಥಪ್ಪ ಗಡ್ಡ ಕೆರೆದುಕೊಂಡ. "ಕಂಪನಿಯವ್ರಿಗಿ ನಿಮ್ಮ ಅಜಾನ್ ಗೊತ್ತಿಲ್ರಿ. ನಮ್ಮ ಈರಮ್ಮ ದೀಪ ಹಚ್ಚೂದೂ ಗೊತ್ತಿಲ್ಲ. ಅವರ ಸಂಜಿ ಬ್ಯಾರೇನೇ ಅದ." ಅಂಗಡಿಯ ಹಿಂದಿನ ಮನೆಯಿಂದ ಚಹಾ ತಂದ ಅವನ ಹೆಂಡತಿ ಈರಮ್ಮ ಅಲ್ಲೇ ನಿಂತು ಹೇಳಿದಳು: "ನಾ ದೀಪ ಹಚ್ಚೂದು ಇವ್ರು ಚಾ ಬೇಕಂದಾಗರಿ ಅಣ್ಣಾರ. ದಿನಾ ಚಾ ಬ್ಯಾರೆ ಬ್ಯಾರೆ ಹೊತ್ತಿಗಿ."

ಮನ್ಮಥಪ್ಪ ಕಾರಿನ ಪರದೆಯ ಮೇಲೆ ಬೆರಳಾಡಿಸಿ, ಲೈಟು ಬೇಗ ಹತ್ತಲಿ, ಸಾಧಾರಣ ಹತ್ತಲಿ, ತಡವಾಗಿ ಹತ್ತಲಿ ಎಂದು ಮೂರು ಬಗೆ ಇರುವುದನ್ನು ತೋರಿಸಿದ. ಸಾಧಾರಣದಲ್ಲಿದ್ದದ್ದನ್ನು ಬೇಗಕ್ಕೆ ತಂದ. ಸಂಜೆಯ ತನಕ ಕೂತು ನೋಡೋಣ ಎಂದ. ಹೆಂಗಸರು ಅಜೀಜಾ ಬೇಗಂಳ ಮನೆಗೆ ನಡೆದುಹೋದರು. ಗಂಡಸರಿಬ್ಬರೂ ಕಾರಿನಲ್ಲಿ ಕೂತು ಹಳೆಯ ಬಸ್ಸುಗಳ ಹೆಸರು ಹೇಳುತ್ತ ಹೊತ್ತು ಇಳಿಸಿದರು. ಅಜಾನ್ ಕೇಳಿಸಿತು. ಅಮೀರ ಪಾಶಾನ ಕೈ ಇಲ್ಲದ ಸ್ವಿಚ್ಚಿನ ಕಡೆ ಹೋಗಿ ಹಿಂದೆ ಬಂತು. ಎರಡು ನಿಮಿಷಕ್ಕೆ ಲೈಟು ಹತ್ತಿ ಎದುರಿನ ದೊಡ್ಡ ಗೋಡೆಯ ಮೇಲೆ ಬಿತ್ತು. ಅವನಿಗೆ ಕಂಡದ್ದು ಬೆಳಕು. ಗೋಡೆಯಲ್ಲ, ಬೆಳಕು, ಅಂಚೆಲ್ಲ ನೂಲುನೂಲಾಗಿ ಬಿಚ್ಚಿಕೊಂಡ ಎರಡು ಹಳದಿ ಉಂಡೆ. "ಈಗ ಕಾಣಸ್ತದೇನ್ರಿ?" ಎಂದ ಮನ್ಮಥಪ್ಪ, ಬೇರೆ ಕಡೆ ನೋಡುತ್ತ. "ಓ. ಸಾಫ್ ಕಾಣಸ್ತದ." "ಗ್ವಾಡಿ ಮ್ಯಾಲಿಂದು?" "ಅದೂ ಕಾಣಸ್ತದ. ತೊಗರಿ ಬೀಜದ ಜಾಹೀರಾತು. ಎತ್ತಿನ ಚಿತ್ರ ಅದಲ್ಲ." ಮನ್ಮಥಪ್ಪ ಗೋಡೆಯ ಕಡೆ ಒಮ್ಮೆ ನೋಡಿದ. ಆಮೇಲೆ, "ಹೌದ್ರಿ, ಎತ್ತು," ಎಂದ. "ಗಾಡಿ ರಾತ್ರಿ ಇಲ್ಲೇ ಇರ್ಲಿ. ಇನ್ನೊಂದೀಟು ಬಿಚ್ಚಿ ನೋಡ್ತೇನಿ. ಮುಂಜಾನಿ ಬರ್ರಿ."

ಮುಂಜಾನೆ ಅವನು ಅಜೀಜಾ ಬೇಗಂಳ ಮನೆಯಿಂದ ಒಬ್ಬನೇ ನಡೆದುಬಂದ. ಅಂಗಡಿಗೆ ಬರುವ ದಾರಿ ಆ ಗೋಡೆಯನ್ನು ತಾಗಿಕೊಂಡೇ ಇತ್ತು. ಎರಡು ಮಾರು ದೂರದಿಂದ ಗೋಡೆ ಅವನಿಗೆ ಸ್ಪಷ್ಟವಾಗಿ ಕಂಡಿತು. ಎತ್ತು ಇರಲಿಲ್ಲ. ನೀಲಿ ಬಣ್ಣದ ಮೇಲೆ ಹೊಲಿಗೆ ತರಬೇತಿಯ ಜಾಹೀರಾತು, ಮಷಿನ್ನಿನ ಮುಂದೆ ಕೂತ ಹೆಂಗಸು. ಬಣ್ಣ ನೋಡಿದರೆ ಅದು ಬಳಿದು ಒಂದು ವರ್ಷವಾದರೂ ಆಗಿತ್ತು. ಅವನು ಅಲ್ಲೇ ನಿಂತ. ಹಾಗಾದರೆ ತಾನು ನಿನ್ನೆ ನೋಡಿದ್ದು ಯಾವಾಗಿನ ಗೋಡೆ? ಬಸ್ಸಿನ ಕಾಲದಲ್ಲಿ ರಜೆಯ ದಿನ ಹೆಂಡತಿಯ ತವರಿಗೆ ಬಂದಾಗಲೆಲ್ಲ ಕಂಡ ಎತ್ತು ಅದು, ಕಣ್ಣಿನಲ್ಲೇ ಉಳಿದಿತ್ತು. ಕುಶನೂರಿನ ರಸ್ತೆಯೂ ಹಾಗೇ ಇರಬೇಕು. ಪ್ರತಿ ತಿರುವೂ ಕಂಠಪಾಠ, ಪ್ರತಿ ಸೇತುವೆಯೂ ಕಂಠಪಾಠ. ಸೈಕಲ್ಲು ಮಾತ್ರ ಆ ಪಾಠದಲ್ಲಿರಲಿಲ್ಲ. ಮನ್ಮಥಪ್ಪ ಸುಳ್ಳು ಹೇಳುವವನಲ್ಲ, ಆದರೂ ಹೌದ್ರಿ ಎತ್ತು ಎಂದಿದ್ದ. ಚಂದ್ರನನ್ನು ಕಂಡೆ ಎಂದ ತನ್ನ ಸುಳ್ಳು, ಎತ್ತು ಎಂದ ಅವನ ಸುಳ್ಳು, ಎರಡರಲ್ಲಿ ಯಾವುದು ಹಗುರ ಎಂದು ತೂಗುತ್ತ ಅಮೀರ ಪಾಶಾ ಅಂಗಡಿಗೆ ಹೋದ. ಮನ್ಮಥಪ್ಪ ಚಾವಿಯ ಜೊತೆ ದಾರ ಕಟ್ಟಿದ ಒಂದು ಪೇಪರಿನ ಪೊಟ್ಟಣ ಕೊಟ್ಟ. "ಸಿಕ್ತು ನೋಡ್ರಿ ಪಾಶಾಭಾಯಿ. ಮನಿಗಿ ಹೋಗಿ ಬಿಚ್ಚರಿ. ದಾರ್ಯಾಗ ಬ್ಯಾಡ." ಗೋಡೆಯ ಸುದ್ದಿ ಇಬ್ಬರೂ ಎತ್ತಲಿಲ್ಲ.

ಮೈಲೂರಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹೆಂಡತಿಯ ಎದುರಿಗೇ ಬಿಚ್ಚಿದ. ಸೆನ್ಸರ್ ಇರಲಿಲ್ಲ. ವೈರಿನ ತುಂಡೂ ಇರಲಿಲ್ಲ. ಒಂದು ಕಪ್ಪು ಕನ್ನಡಕ ಇತ್ತು, ಬದಿಗೂ ಗಾಜು ಮುಚ್ಚಿದ್ದು, ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕೊಡುವಂಥದ್ದು. ಹೋದ ವರ್ಷ ಮನ್ಮಥಪ್ಪ ಅದನ್ನು ಹಾಕಿಕೊಂಡು ಹದಿನೈದು ದಿನ ಅಂಗಡಿಯ ಮುಂದೆ ಸಿನೆಮಾದ ಖಳನಾಯಕನ ಹಾಗೆ ಕೂತಿದ್ದ. ಖತೀಜಾ ಬೇಗಂ ನಗುತ್ತಾಳೆಂದು ಅವನು ಕಾದ. ಅವಳು ನಗಲಿಲ್ಲ. ಕನ್ನಡಕವನ್ನು ತನ್ನ ಸೆರಗಿನಿಂದ ಒರೆಸಿ, ಅವನ ಮೂಗಿನ ಮೇಲೆ ಇಟ್ಟು, ಸ್ವಲ್ಪ ಹಿಂದೆ ಸರಿದು ನೋಡಿದಳು. "ಛಂದ ಕಾಣಸ್ತೀರಿ," ಎಂದಳು. "ನಿಮ್ಮ ಕಣ್ಣಿಗಿ ನಾನೂ ಛಂದ ಕಾಣಸ್ಲಿಕ್ಕ ಇನ್ನೊಂದೀಟು ದಿನ ಹತ್ತತದ ಅನ್ರಿ." ಆಮೇಲೆ ನಕ್ಕಳು. ಅವನಿಗೆ ಅವಮಾನವಾಯಿತು, ಅವಮಾನದ ಕೆಳಗೆ ಒಂದು ಬಗೆಯ ಹಗುರವೂ ಆಯಿತು. ಹಗುರವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕನ್ನಡಕವನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು, ಅದು ಅಲ್ಲಿ ಇಲ್ಲ ಎಂಬಂತೆ ಮೂರು ದಿನ ಕಾರು ಓಡಿಸಿದ.

ಆ ಮೂರು ದಿನ ಅವನು ಕಿವಿಗೊಟ್ಟು ಕೇಳಿದ. ನಿಖತ ಮಾತಾಡುತ್ತಿದ್ದಳು. ಸೈಕಲ್ಲಿನ ಸಂಜೆಯಿಂದ ಅವಳು ಬರುವಾಗ ದಾರಿಯುದ್ದ ಮಾತಾಡುತ್ತಲೇ ಇದ್ದಳು, ಅವನೇ ಲಕ್ಷ್ಯ ಕೊಟ್ಟಿರಲಿಲ್ಲ. ಮುಂದೆ ಬಂಡಿ ಹೊಂಟದ ನೋಡ್ರಿ ಅಬ್ಬಾ, ಎಷ್ಟು ದೊಡ್ಡ ಕೋಡು. ಯಾರೋ ಅಜ್ಜಿ ರಸ್ತೆ ದಾಟಲಿಕ್ಕೆ ನಿಂತಾಳ, ಕೈಯಾಗ ಕೆಂಪು ಚೀಲ ಅದ. ಈ ತಿರುವಿನಲ್ಲಿ ಸೋಯಾ ರಾಶಿ ಮಾಡಿ ಹೊಟ್ಟು ಇಲ್ಲೇ ಬಿಟ್ಟಾರ. ಚಿಕ್ಕಂದಿನಿಂದ ಗಾಡಿ ಹತ್ತಿದರೆ ನಿದ್ದೆ ಹೋಗುತ್ತಿದ್ದ ಹುಡುಗಿ. ಮಕ್ಕಳಿಗೆ ಪಾಠ ಹೇಳಿ ಹೇಳಿ ಬಾಯಿ ಹರಕಾಗಿದೆ ಎಂದು ಅವನು ಒಮ್ಮೆ ಹೆಂಡತಿಯ ಹತ್ತಿರ ದೂರಿದ್ದ ಕೂಡ. ಅವಳು ಹರಟೆ ಹೊಡೆಯುತ್ತಿರಲಿಲ್ಲ. ದಿನಾ ಇಪ್ಪತ್ತು ಮೈಲಿ ರಸ್ತೆಯನ್ನು ಓದಿ ಹೇಳುತ್ತಿದ್ದಳು, ಅವನಿಗೆ ಓದಲು ಬರುವುದಿಲ್ಲ ಎಂಬುದು ಅವನಿಗೇ ಗೊತ್ತಾಗದಂತೆ.

ಬುಧವಾರ ಸಂಜೆ ಶಾಲೆಯಿಂದ ಹೊರಡುವುದು ಮತ್ತೆ ತಡವಾಗಿತ್ತು; ಅಜಾನಿಗೆ ಇನ್ನೂ ಹೊತ್ತಿರುವಾಗ, ಕುಶನೂರು ದಾಟಿ ನಾಲ್ಕು ಮೈಲಿ ಬಂದ ಮೇಲೆ ಅವಳು ಅಂದಳು: "ಎಮ್ಮಿ ನಿಂತಾವ ನೋಡ್ರಿ ಅಬ್ಬಾ, ನಡು ರಸ್ತಿದಾಗೇ. ಎಷ್ಟು ಸೊಕ್ಕು." ಅವನು ವೇಗ ಇಳಿಸಿದ. ಎದುರಿಗೆ ರಸ್ತೆಯ ಮೇಲೆ ರಸ್ತೆಗಿಂತ ಸ್ವಲ್ಪ ದಟ್ಟವಾದ ಕಪ್ಪು ಇತ್ತು. "ಎಷ್ಟವ?" ಎಂದು ಕೇಳಿದ. ಅವಳು ಅವನ ಕಡೆ ತಿರುಗಿ ನೋಡಿದಳು. "ನಾಕು," ಎಂದಳು, ದನಿ ಸಣ್ಣದಾಗಿ. ಅವನು ಕಾರನ್ನು ಬದಿಗೆ ಹಾಕಿ ನಿಲ್ಲಿಸಿದ. ಇಳಿದು, ಮುಂಭಾಗ ಸುತ್ತಿಕೊಂಡು, ಅವಳ ಬಾಗಿಲು ತೆಗೆದ. ತೊಗರಿ ಹೊಲದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. "ಆ ಕಡಿ ಹೋಗು." "ಅಬ್ಬಾ..." "ನಾಕು ಅನ್ನೂದು ನಿನಗ ಗೊತ್ತದ. ನನಗ ಗೊತ್ತಿಲ್ಲ. ಗೊತ್ತಿದ್ದವರು ಹೊಡೀಬೇಕು." ಅವಳು ಹೋಗಿ ಕೂತಳು. ಮೊದಲನೆಯ ಸಲ ಗಾಡಿ ಬಂದ್ ಬಿತ್ತು. "ಕ್ಲಚ್ ಮೆಲ್ಲಕ ಬಿಡು," ಎಂದ. ಇದನ್ನು ಹೇಳಲು ಅವನಿಗೆ ಇಷ್ಟವಾಯಿತು. ಎಮ್ಮೆಗಳು ತಾವಾಗಿ ಸರಿದವು. ಸ್ವಲ್ಪ ದೂರ ಹೋದ ಮೇಲೆ ಅವಳು ಸ್ಟಿಯರಿಂಗಿನ ಎಡಗಡೆಯ ಕಡ್ಡಿಗೆ ತಪ್ಪಿ ಕೈ ಹಾಕಿ, ಆಮೇಲೆ ಬಲಗಡೆಯದನ್ನು ತಿರುಗಿಸಿ ಲೈಟು ಹಾಕಿದಳು, ಸೆನ್ಸರಿಗೆ ಕಾಯದೆ. ಅಜಾನಿಗೆ ಇನ್ನೂ ಆರು ನಿಮಿಷ ಇತ್ತು. ಬ್ಯಾಟರಿಗೆ ಅನ್ಯಾಯ ಎಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಎಲ್ಲಿಯದೋ ಊರಿನ ಅಜಾನ್ ಗಾಳಿಯಲ್ಲಿ ಬಂದಾಗ ಅವನ ಬಲಗೈ ತೊಡೆಯ ಮೇಲಿಂದ ಎದ್ದಿತು. ಮುಂದೆ ಸ್ವಿಚ್ಚು ಇರಲಿಲ್ಲ, ಕನ್ನಡಿಯಲ್ಲಿ ಕೈಮುಗಿದವರೂ ಇರಲಿಲ್ಲ. ಎದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಮಗಳ ತಲೆಯ ಮೇಲಿನ ದುಪಟ್ಟಾ ಜಾರಿದ್ದನ್ನು ಸರಿ ಮಾಡಿದ.

ಮನೆಗೆ ಬಂದು ಮನ್ಮಥಪ್ಪನಿಗೆ ಫೋನು ಹಚ್ಚಿದ. "ಸಾಮಾನು ಬಿಚ್ಚಿ ನೋಡ್ದೆ." "ಹೌದೇನ್ರಿ." "ಗ್ವಾಡಿ ಮ್ಯಾಲ ಎತ್ತು ಇಲ್ಲ." "ಇತ್ರಿ ಪಾಶಾಭಾಯಿ, ಹಿಂದ ಇತ್ತು. ನೀವು ಸುಳ್ಳು ಹೇಳಿಲ್ಲ, ಹಳೇದು ಹೇಳಿದ್ರಿ. ನಾಳಿ ಬರ್ರಿ. ಡಾಕ್ಟರ್ ಕಡಿ ನಾನೇ ಕರ್ಕೊಂಡು ಹೋಗ್ತೇನಿ. ಬಸ್ಸಿಗಿ ಬರ್ರಿ ಮತ್ತ." "ಬಸ್ಸಿಗೇ ಬರ್ತೇನಿ," ಎಂದ ಅವನು. ಖತೀಜಾ ಬೇಗಂ ಒಳಗಿನಿಂದ ಕೇಳಿದಳು, "ಬಸ್ಸಿಗಿ ಸೆನ್ಸರ್ ಅದ ಏನ್ರಿ?"

ಗುರುವಾರ ಮುಂಜಾನೆ ಏಳೂವರೆಗೆ ಮೊದಲು ಹೊರಟವಳು ನಿಖತ, ಒಬ್ಬಳೇ, ಕಾರಿನಲ್ಲಿ, ಠಾಣಾ ಕುಶನೂರಿಗೆ. ಓಣಿಯ ತಿರುವಿನ ತನಕ ಅವನಿಗೆ ಕಾರು ಕಂಡಿತು, ಆಮೇಲೆ ಅದರ ಸದ್ದು ಮಾತ್ರ. ಅವನು ಹೊರಟದ್ದು ಅದರ ಹಿಂದೆ, ಭಾಲ್ಕಿಯ ಬಸ್ಸು ಹಿಡಿಯಲು, ಕಪ್ಪು ಕನ್ನಡಕ ಕಿಸೆಯಲ್ಲಿಟ್ಟುಕೊಂಡು. ಹೊಸಿಲು ದಾಟುವಾಗ ಖತೀಜಾ ಬೇಗಂ ಗಡಿಯಾರ ನೋಡಿ, ಮಗಳು ಹೋಗಿ ಸರಿಯಾಗಿ ಹದಿನಾಲ್ಕು ನಿಮಿಷ ಆಯಿತು ಎಂದಳು.